ಕಂಟಿನ್ಯೂಟಿ ಸಾಹೇಬರಿಗೆ

ಮಗಾ,

ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬಹುದಿತ್ತು. ನಾಲ್ಕು ಜನರ ಮುಂದೆ ಬರೆದರೆ ಬೈಯೋಕೆ ನೀನು ಸ್ವಲ್ಪ ಹಿಂದೆಮುಂದೆ ನೋಡ್ತೀಯ ಅನ್ನೋ ಧೈರ್ಯದ ಮೇಲೆ ಇಲ್ಲಿ ಹಾಕ್ತಿದೀನಿ. ಮೂರನೇ ಇಡ್ಲಿ ವಿಷಯ ಎತ್ತಲ್ಲ, ಹೆದರಬೇಡ.

ಮೊನ್ನೆ ಮಗಳಿಗೆ ‘ಅಪ್’ ಹಾಕಿ ಕೂರಿಸಿದೆ. ಅವಳು ಸಿನಿಮಾ ನೋಡಿದಳು, ನಾನು ನೀನು ಹಿಡಿಸಿದ ಚಟದಂತೆ ತಪ್ಪು ಹುಡುಕಿದೆ. ಕಾರ್ಲ್ ತಾತನ ಮನೆ ನೆಲ ಬಿಟ್ಟು ಏಳುವಾಗ 20,622 ಬಲೂನು, ಆಮೇಲೆ ತೇಲುವಾಗ 10,297. ಸಿನಿಮಾ ಮಾಡಿದ ಪಿಕ್ಸಾರ್‌ನವರದೇ ಲೆಕ್ಕ. ಮಿಕ್ಕ 10,325 ಯಾರಪ್ಪನ ಮನೆಗೆ ಹೋದವು ಅಂತ ಪುಣೆಯ ನಿನ್ನ ರೂಮಲ್ಲಿ ರಾತ್ರಿ ಎರಡು ಗಂಟೆವರೆಗೆ ಕೂಗಾಡಿದ್ದೆಯಲ್ಲ, ನಿಜವಾಗ್ಲೂ ಅನ್ಯಾಯ ಕಣೋ. ಮನೆ ತೇಲಿಹೋಗುವಾಗ ಒಬ್ಬ ಹುಡುಗಿಯ ಕೋಣೆಯಲ್ಲಿ ಗುಲಾಬಿ ಕರಡಿ ಕೂತಿರುತ್ತೆ ನೋಡು, 2010ರ ‘ಟಾಯ್ ಸ್ಟೋರಿ 3’ರಲ್ಲಿ ಬರೋ ಕೇಡಿ. ಅದನ್ನ ಮಗಳೇ ಮೊದಲು ಹಿಡಿದಳು. ಕೋರ್ಟ್ ಬಾಗಿಲ ಮೇಲಿನ ಎ113 ಮಾತ್ರ ನನ್ನ ಪಾಲಿಗೆ ಬಂತು. ಅದು ಆ ಚಿತ್ರಕಾರರಲ್ಲಿ ಎಷ್ಟೋ ಜನ ಓದಿದ ಕ್ಯಾಲಿಫೋರ್ನಿಯಾದ ಕಾಲೇಜಿನ ಕ್ಲಾಸ್‌ರೂಮ್ ನಂಬರ್ ಅಂದೆ. ಅವಳು ಆಕಳಿಸಿದಳು.

ಈ ಖುಷೀಲೇ ಭಾನುವಾರ ನಿನಗೆ ಫೋನ್ ಮಾಡಿದ್ದು. ಮಾತಿನ ಭರಾಟೇಲಿ ಬಾಯಿ ಜಾರಿತು. ಪ್ಯಾರಡೈಸ್ ಫಾಲ್ಸ್ ಅನ್ನೋ ಜಲಪಾತಕ್ಕೆ ಹೋಗೋಕೆ ಅಂತ ಕೂಡಿಟ್ಟ ಚಿಲ್ಲರೆ ಜಾಡೀನ ಕಾರ್ಲ್, ಅವನ ಹೆಂಡತಿ ಒಮ್ಮೆ ಟೈರಿಗೆ, ಒಮ್ಮೆ ಮುರಿದ ಕಾಲಿಗೆ, ಒಮ್ಮೆ ಸೂರಿಗೆ ಅಂತ ಒಡೀತಾ ಹೋಗ್ತಾರಲ್ಲ, ಅಲ್ಲಿ ನನ್ನ ಕನ್ನಡಕದ ಮೇಲೆ ಸಿಕ್ಕಿಸಿದ್ದ 3ಡಿ ಕನ್ನಡಕ ತೆಗೆಯೋಕೂ ಆಗದೆ, ಕಣ್ಣು ಒರೆಸೋಕೂ ಆಗದೆ ಒದ್ದಾಡಿದ್ದೆ ಅಂದೆ.

ನೀನು ‘ಹ್ಞೂಂ’ ಅಂದು, ಮಳೆ ಹೇಗಿದೆ ಅಂತ ಕೇಳಿದೆ.

ನಾನು ‘ಅಪ್’ ಮೊದಲ ಸಲ ನೋಡಿದ್ದು 2010ರಲ್ಲಿ, ನಿನ್ನ ಲ್ಯಾಪ್‌ಟಾಪ್‌ನಲ್ಲಿ ಅಲ್ವಾ? ‘ಅಯ್ಯೋ, ಅಜ್ಜಿ ಸತ್ತೇಹೋದಳಾ?’ ಅಂತ ಬೆಚ್ಚಿಬಿದ್ದಿದ್ದೆ ಕೂಡ. ಆ ಲ್ಯಾಪ್‌ಟಾಪ್‌ನಲ್ಲಿ 3ಡಿ ಎಲ್ಲಿಂದ ಬರಬೇಕು? ಸೀನಿನಿಂದ ಸೀನಿಗೆ ಅಂಗಿ ಗುಂಡಿ ಬದಲಾದರೂ ಹಿಡಿಯೋನು ನೀನು. ಹಿಡಿದಿದ್ದೀಯ. ಮಳೆ ಬಗ್ಗೆ ಕೇಳಿದ್ದು ಅದಕ್ಕೇ.

ಸರಿ. ಥಿಯೇಟರ್‌ನಲ್ಲಿ ನೋಡಿದ್ದೆ. 2009ರಲ್ಲಿ. ನೀನು ಪುಣೆ ರೈಲು ಹತ್ತಿದ ಸಂಜೆ.

102 ಜ್ವರ ಅಂದಿದ್ದೆ, ಸ್ಟೇಷನ್‌ಗೆ ಬರೋಕಾಗಲ್ಲ ಅಂತ. ಜ್ವರ ಗಿರ ಏನೂ ಇರಲಿಲ್ಲ. ಇಬ್ಬರೂ ಒಂದೇ ದಿನ, ಒಂದೇ ಬೆಂಚಲ್ಲಿ ಕೂತು ಕೊಟ್ಟ ಇಂಟರ್‌ವ್ಯೂ. ನಿನ್ನನ್ನ ಕರೆದರು, ನನ್ನನ್ನ ಕರೀಲಿಲ್ಲ. ನಿನ್ನ ಸೂಟ್‌ಕೇಸ್ ಎತ್ತಿಕೊಡೋಕೆ ಕೈ ಬರಲಿಲ್ಲ ಕಣೋ. ಅಷ್ಟೇ ಆಗಿದ್ದಿದ್ರೆ ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಹೇಳಿಬಿಡ್ತಿದ್ದೆ. ಕತ್ತಲಲ್ಲಿ ಕೂತು, ಇವನಿಗೆ ಅಲ್ಲಿ ಒಗ್ಗದೇ ಹೋಗಲಿ, ಆರು ತಿಂಗಳಲ್ಲಿ ವಾಪಸ್ ಬರಲಿ ಅಂತಾನೂ ಅಂದ್ಕೊಂಡೆ. ಜಾಡಿ ಒಡೆದಾಗ ಅತ್ತಿದ್ದು ಕಾರ್ಲ್‌ಗೋಸ್ಕರ ಅಂತ ಈಗ ಆಣೆ ಮಾಡಿ ಹೇಳಲಾರೆ.

ಮಾರನೇ ದಿನ ನಿಮ್ಮಮ್ಮ, ಪಾಪ, ಜ್ವರದ ಬಾಯಿಗೆ ಅಂತ ಮೆಣಸಿನ ಸಾರು ಕಳಿಸಿದರು. ಎರಡು ಸಲ ಬಡಿಸಿಕೊಂಡೆ.

ಇಲ್ಲಿಗೆ ನಿಲ್ಲಿಸ್ತೀನಿ, ಕಾಮೆಂಟಲ್ಲಿ ಯಾರಾದ್ರೂ ಅಳೋ ಇಮೋಜಿ ಹಾಕೋಕೆ ಮುಂಚೆ. ಒಂದೇ ಅಹವಾಲು, ಸಾಹೇಬ್ರೇ. ಕಾರ್ಲ್ ಸಣ್ಣ ಹುಡುಗನಾಗಿದ್ದಾಗಲೇ ಮುಂಟ್ಜ್ ಮೀಸೆ ಹೊತ್ತ ದೊಡ್ಡ ಸಾಹಸಿ. ಕಾರ್ಲ್‌ಗೆ 78 ಆದಾಗ ಅವನಿಗೆ ಕಮ್ಮಿ ಅಂದ್ರೂ ತೊಂಬತ್ತೈದು. ಆ ಮುದುಕ ಕತ್ತಿ ಬೀಸೋದನ್ನ ‘ಸಿನಿಮಾ ಅಲ್ವಾ, ಬಿಡು’ ಅಂತ ಒಪ್ಕೊಂಡೋನು ನೀನು. ನನ್ನ 102 ಅನ್ನೂ ಅದೇ ಖಾತೆಗೆ ಹಾಕು.

ಅಮ್ಮನಿಗೆ ಮಾತ್ರ ಇದನ್ನ ಓದಿ ಹೇಳಬೇಡ. ಸಾರಿನ ಕ್ಯಾರಿಯರ್ ಇನ್ನೂ ನಮ್ಮನೇಲೇ ಇದೆ.

ನಿನ್ನ,
ಚಟ್ನಿ