ಬ್ರಾಡ್‌ಫರ್ಡ್ ಒಳಬಂದದ್ದು ಅಂಕಪಟ್ಟಿ ತೋರಿಸಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಬುಲ್ಸ್ ಕ್ಲಬ್ಬು ರಗ್ಬಿ ಲೀಗಿನ ಮೇಲ್ದರ್ಜೆಯಾದ ಸೂಪರ್ ಲೀಗಿಗೆ 2026ರಲ್ಲಿ ಮರಳಿದ ಸುದ್ದಿ ನಿಮ್ಮ ಕ್ರೀಡಾ ಪುಟದಲ್ಲಿ ಬಂದಿತ್ತು. ಮುಂಬಯಿಯ ಕನ್ನಡ ಪತ್ರಿಕೆ ರಗ್ಬಿ ಲೀಗಿಗೆ ಇಷ್ಟು ಜಾಗ ಕೊಟ್ಟದ್ದು ಸಂತೋಷವೇ. ಆದರೆ ‘ಫೈನಲ್ ಗೆದ್ದು ಬಡ್ತಿ’ ಎಂಬ ತಲೆಬರಹ ಸರಿಯಲ್ಲ. 2025ರಲ್ಲಿ ಎರಡನೇ ದರ್ಜೆಯ ಫೈನಲ್ ಆಡಿದ್ದು ಟುಲೂಸ್ ಮತ್ತು ಯಾರ್ಕ್ ತಂಡಗಳು. ಬ್ರಾಡ್‌ಫರ್ಡ್ ಅಲ್ಲಿಗೆ ತಲುಪಿರಲೇ ಇಲ್ಲ.

ಸೂಪರ್ ಲೀಗಿಗೆ ಈಗ ಶಾಲೆಯ ಅಂಕಪಟ್ಟಿಯಂಥ ಪದ್ಧತಿ ಇದೆ. ಒಟ್ಟು 20 ಅಂಕ. ಪ್ರೇಕ್ಷಕ ಬಲಕ್ಕೆ 5, ಆಟದ ಸಾಧನೆಗೆ 5, ಹಣಕಾಸಿಗೆ 4.5, ಮೈದಾನಕ್ಕೆ 3, ಊರಿನ ಜೊತೆಗಿನ ನಂಟಿಗೆ 2.5. 15 ದಾಟಿದರೆ ‘ಎ’ ದರ್ಜೆ; ಅದಕ್ಕಿಂತ ಕೆಳಗೆ 7.5ರ ತನಕ ‘ಬಿ’. ಆಟದ ಸಾಧನೆಗೆ ಒಂದು ವರ್ಷದ ಮಿಂಚು ಸಾಲದು, ಮೂರು ವರ್ಷಗಳ ಸ್ಥಾನ ನೋಡುತ್ತಾರೆ. ಹಣಕಾಸಿನಲ್ಲಿ ವಹಿವಾಟು, ಲಾಭ-ನಷ್ಟ, ಲೀಗು ಕೊಡುವ ಪಾಲನ್ನು ಬಿಟ್ಟು ಕ್ಲಬ್ಬು ಸ್ವಂತವಾಗಿ ದುಡಿದದ್ದೆಷ್ಟು ಎಂಬುದೆಲ್ಲ ಬರುತ್ತದೆ. ಮೈದಾನವೆಂದರೆ ಬರೀ ಹುಲ್ಲಲ್ಲ, ದೀಪ, ದೊಡ್ಡ ಪರದೆ, ಆಸನಗಳು ಎಷ್ಟರ ಮಟ್ಟಿಗೆ ತುಂಬುತ್ತವೆ ಎಂಬುದೂ ಲೆಕ್ಕಕ್ಕಿದೆ. ಹೀಗೆ ಮೊದಲ 12ರಲ್ಲಿ ಸ್ಥಾನ ಪಡೆದು ಬ್ರಾಡ್‌ಫರ್ಡ್ ಒಳಬಂತು. ಲೀಗನ್ನು 14 ತಂಡಗಳಿಗೆ ಹಿಗ್ಗಿಸಿದಾಗ ಉಳಿದ ಎರಡು ಜಾಗ ಸಮಿತಿಯ ಆಯ್ಕೆಯಿಂದ ಟುಲೂಸ್ ಮತ್ತು ಯಾರ್ಕಿಗೆ ಸಿಕ್ಕವು. ಗೆದ್ದವನಿಗೇ ಬಡ್ತಿ ಎಂಬ ಹಳೆಯ ನ್ಯಾಯ ಇದರಲ್ಲಿಲ್ಲ, ಒಪ್ಪುತ್ತೇವೆ. ಆದರೂ ಈ ಕ್ಲಬ್ಬಿನ ಚರಿತ್ರೆ ಬಲ್ಲವರಿಗೆ, ಹಣಕಾಸಿಗೆ 4.5 ಅಂಕ ಯಾಕೆ ಬೇಕಾಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ರಗ್ಬಿ ಲೀಗ್ ಹುಟ್ಟಿದ್ದೇ ಪಗಾರದ ಜಗಳದಲ್ಲಿ. ಶನಿವಾರ ಗಿರಣಿ, ಗಣಿ ಬಿಟ್ಟು ಆಡಲು ಬಂದವನಿಗೆ ಆ ದಿನದ ಕೂಲಿ ಖೋತಾ. ಅದನ್ನು ತುಂಬಿಕೊಡಬೇಕೆಂದು ಉತ್ತರದ ಕ್ಲಬ್ಬುಗಳು ಕೇಳಿದವು, ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದವರು ಸಭೆ ಸೇರಿ ರಗ್ಬಿ ಯೂನಿಯನ್ನಿನಿಂದ ಬೇರೆಯಾದರು. ದಿನಕ್ಕೆ 6 ಶಿಲಿಂಗ್ ಪರಿಹಾರವೆಂದು ನಿಶ್ಚಯವಾಯಿತು. ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಮುಂಬಯಿಯ ಪರೇಲ್, ಲಾಲ್‌ಬಾಗಿನ ಗಿರಣಿ ಭೋಂಗಾ ಕೇಳಿ ಬೆಳೆದ ಓದುಗರಿಗೆ ಆ ಕೂಲಿಯ ಲೆಕ್ಕ ಸುಲಭವಾಗಿ ಅರ್ಥವಾದೀತು. ಅಲ್ಲಿನ ಮೊದಲ ಕ್ಲಬ್ಬು 1907ರಲ್ಲಿ ಫುಟ್ಬಾಲಿಗೆ ಹೊರಳಿದಾಗ, ಒಪ್ಪದವರು ಕಟ್ಟಿದ್ದು ಬ್ರಾಡ್‌ಫರ್ಡ್ ನಾರ್ದರ್ನ್. 1996ರಲ್ಲಿ ಅದಕ್ಕೆ ಬುಲ್ಸ್ ಎಂದು ಹೆಸರಾಯಿತು.

1934ರಿಂದ ಅವರ ಮನೆ ಆಡ್ಸಲ್ ಮೈದಾನ, ಕಸ ಸುರಿದು ದಂಡೆ ಎತ್ತರಿಸಿದ ದೊಡ್ಡ ಬೋಗುಣಿ. 1954ರ ಮೇ 5ರಂದು ಹ್ಯಾಲಿಫ್ಯಾಕ್ಸ್ ಮತ್ತು ವಾರಿಂಗ್ಟನ್ ಅಲ್ಲಿ ಆಡಿದ ಚಾಲೆಂಜ್ ಕಪ್ ಫೈನಲಿನ ಮರುಪಂದ್ಯಕ್ಕೆ ಅಧಿಕೃತ ಲೆಕ್ಕದಲ್ಲೇ 1,02,569 ಜನ. ಒಂಬತ್ತು ವರ್ಷ ಕಳೆದು, 1963ರ ನವೆಂಬರಿನಲ್ಲಿ ಅದೇ ಮೈದಾನದಲ್ಲಿ ಬ್ರಾಡ್‌ಫರ್ಡಿನ ಪಂದ್ಯ ನೋಡಲು ಬಂದವರು 324. ಮುಂದಿನ ತಿಂಗಳು ಋತುವಿನ ನಡುವೆಯೇ ಕ್ಲಬ್ಬು ಬಾಗಿಲು ಹಾಕಿತು, 1964ರಲ್ಲಿ ಮತ್ತೆ ತೆರೆಯಿತು. ನಿಮ್ಮ ವರದಿಯಲ್ಲಿ ಈ ಮೊದಲ ಮರಳುವಿಕೆಯ ಸುಳಿವೇ ಇರಲಿಲ್ಲ.

1997, 2001, 2003, 2005ರಲ್ಲಿ ಸೂಪರ್ ಲೀಗ್ ಗೆದ್ದ ತಂಡ ಎಡವಿದ್ದು ಲೆಕ್ಕದ ಪುಸ್ತಕದಲ್ಲಿ. 2012ರಲ್ಲಿ ಕ್ಲಬ್ಬು ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿ ಕೈಗೆ ಹೋಯಿತು. 2014ರಲ್ಲಿ ಮತ್ತೆ ಹೋಗಿ, ಅದಕ್ಕೆ ದಂಡವಾಗಿ ಲೀಗ್ ಪಟ್ಟಿಯ 6 ಅಂಕ ಕಳೆದುಕೊಂಡು, ಕೆಳಕ್ಕೆ ಇಳಿಯಿತು. ಕೆಳದರ್ಜೆಗೆ ಇಳಿದ ಕ್ಲಬ್ಬಿಗೆ ಟಿವಿ ಹಣದ ಪಾಲು ಒಮ್ಮೆಗೇ ಕುಸಿಯುತ್ತದೆ, ಆಟಗಾರರ ಕರಾರು ಮಾತ್ರ ಹಳೆಯ ದರದಲ್ಲೇ ನಡೆಯುತ್ತದೆ. ಋತುವಿನ ಟಿಕೆಟ್ ಮುಂಗಡ ಮಾರಿದ ದುಡ್ಡು ಮೊದಲ ಪಂದ್ಯಕ್ಕೆ ಮುಂಚೆಯೇ ಹಳೆ ಸಾಲಕ್ಕೆ ಹೋದರೆ ವರ್ಷದ ಕೊನೆಗೆ ಪಗಾರಕ್ಕೆ ಏನು ಉಳಿದೀತು? 2017ರ ಜನವರಿಯಲ್ಲಿ ಕಂಪನಿಯೇ ಮುಚ್ಚಿತು. ಹೊಸ ಕಂಪನಿ ಮೈನಸ್ 12 ಅಂಕದಿಂದ ಶುರುಮಾಡಿ ಮೂರನೇ ದರ್ಜೆಗೆ ಬಿದ್ದು, 2018ರಲ್ಲಿ ಎದ್ದಿತು. 2020ರಲ್ಲಿ ಆಡ್ಸಲ್ ಬಿಟ್ಟು ಡ್ಯೂಸ್‌ಬರಿಯಲ್ಲಿ ಆಡಿ, 2021ರಲ್ಲಿ ಹಿಂದಿರುಗಿತು. (ಸ್ಮರಣ ಸಂಚಿಕೆಯ ಜಾಹೀರಾತು ಮತ್ತು ಒಬ್ಬ ಹೋಟೆಲ್ ಮಾಲೀಕರ ಜೇಬು ನಂಬಿ ನಡೆಯುವ ನಮ್ಮ ಮುಂಬಯಿ ಸಂಘಗಳ ಕಬಡ್ಡಿ ತಂಡಗಳಿಗೆ ಆ 4.5ರಲ್ಲಿ ಎಷ್ಟು ಸಿಕ್ಕೀತೋ!)

ಇನ್ನೆರಡು ತಿದ್ದುಪಡಿ. ವರದಿಯ ಜೊತೆ ಹಾಕಿದ ಚಿತ್ರ 2025ರ ಜೂನಿನಲ್ಲಿ ಅಂಧೇರಿಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನದು. ಅಲ್ಲಿ ಗೆದ್ದದ್ದು ಚೆನ್ನೈ ಬುಲ್ಸ್. ಹೆಸರು ಒಂದೇ ಆದರೂ ಅದು ಏಳು ಜನರ ಸೆವೆನ್ಸ್, ರಗ್ಬಿ ಯೂನಿಯನ್ನಿನ ಕವಲು. ರಗ್ಬಿ ಲೀಗಿನಲ್ಲಿ ತಂಡಕ್ಕೆ 13 ಜನ, ಆಟ 80 ನಿಮಿಷ. ಚೆಂಡು ಹೊತ್ತವನನ್ನು ಎದುರಾಳಿಗಳು ಹಿಡಿದು ಕೆಡವಿದ ಮೇಲೆ ಅವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ. ಆರನೇ ಸಲ ಹಿಡಿದರೆ ಚೆಂಡು ಎದುರಾಳಿಗೆ, ಅದಕ್ಕೇ ಐದನೆಯದಾದ ಮೇಲೆ ಸಾಮಾನ್ಯವಾಗಿ ದೂರಕ್ಕೆ ಒದೆಯುತ್ತಾರೆ. ಕಬಡ್ಡಿ ನೋಡಿದ ಕಣ್ಣಿಗೆ ಯೂನಿಯನ್ನಿಗಿಂತ ಇದೇ ಬೇಗ ಹಿಡಿಸುತ್ತದೆ.

ಟ್ರೈಗೆ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದರೆ) 5 ಅಂಕ ಎಂದು ಬರೆದಿದ್ದೀರಿ. ಅದು ಯೂನಿಯನ್ ಲೆಕ್ಕ. ಲೀಗಿನಲ್ಲಿ ಟ್ರೈಗೆ 4, ಅದರ ಬಳಿಕ ಗೋಲಿಗೆ ಒದೆಯುವ ಕನ್ವರ್ಷನ್ನಿಗೆ 2, ಪೆನಾಲ್ಟಿ ಗೋಲಿಗೆ 2, ಡ್ರಾಪ್ ಗೋಲಿಗೆ 1. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕಾಗಿ ವಿನಂತಿ.

— ರಗ್ಬಿ ಲೀಗ್ ಆಸಕ್ತರು, ಮಾಟುಂಗಾ, ಮುಂಬಯಿ