ಪ್ಯಾಕಾರ್ಡ್ ಏಕೆ ಉಳಿಯಲಿಲ್ಲ: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅಮೆರಿಕದ ಪ್ಯಾಕಾರ್ಡ್ ಕಾರು ಕಂಪನಿಯ ಕುರಿತು ನಿಮ್ಮ ತರಗತಿಯಲ್ಲಿ ಚರ್ಚೆ ನಡೆಯಿತೆಂದೂ, ಕಡಿಮೆ ಬೆಲೆಯ ಕಾರು ಮಾಡಲು ಹೋಗಿ ಅದು ತನ್ನ ಹೆಸರನ್ನು ತಾನೇ ಕೆಡಿಸಿಕೊಂಡು ಮುಳುಗಿತೆಂದು ಎಲ್ಲರೂ ತೀರ್ಮಾನಿಸಿದರೆಂದೂ ಬರೆದಿದ್ದೀಯೆ. ಬಹಳ ಜನ ಹೇಳುವ ಮಾತೇ ಅದು. ಆದರೂ ಎಂಜಿನಿಯರಿಂಗ್ ಓದುತ್ತಿರುವ ನೀನು ಅದನ್ನು ಹಾಗೆಯೇ ಒಪ್ಪಿಕೊಳ್ಳಬಾರದೆಂದು ನನಗೆ ಅನ್ನಿಸಿದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಓಹಿಯೊ ರಾಜ್ಯದ ವಾರೆನ್ ಪಟ್ಟಣದಲ್ಲಿ ವಿದ್ಯುತ್ ದೀಪಗಳನ್ನು ತಯಾರಿಸುತ್ತಿದ್ದ ಜೇಮ್ಸ್ ವಾರ್ಡ್ ಪ್ಯಾಕಾರ್ಡ್ 1898ರಲ್ಲಿ ಒಂದು ವಿಂಟನ್ ಕಾರನ್ನು ಕೊಂಡರು. ಅದರ ದೋಷಗಳನ್ನು ತಯಾರಕ ಅಲೆಕ್ಸಾಂಡರ್ ವಿಂಟನ್ ಅವರ ಗಮನಕ್ಕೆ ತಂದಾಗ, ಅಷ್ಟು ತಿಳಿದಿದ್ದರೆ ನೀವೇ ಒಂದು ಕಾರು ಮಾಡಿಕೊಳ್ಳಿ ಎಂಬರ್ಥದ ಉತ್ತರ ಬಂತೆಂದು ಪ್ರತೀತಿ. ಜೇಮ್ಸ್ ತಮ್ಮ ಅಣ್ಣ ವಿಲಿಯಮ್ ಅವರೊಂದಿಗೆ, ವಿಂಟನ್ ಕಂಪನಿಯಲ್ಲಿದ್ದ ಇಬ್ಬರನ್ನೂ ಸೇರಿಸಿಕೊಂಡು ಆ ಕೆಲಸವನ್ನೇ ಮಾಡಿದರು. 1899ರ ನವೆಂಬರ್ 6ರಂದು ಅವರ ಮೊದಲ ಕಾರು ವಾರೆನ್ನಿನ ಬೀದಿಗಳಲ್ಲಿ ಓಡಿತು.

1903ರಲ್ಲಿ ಹೆನ್ರಿ ಜಾಯ್ ಮತ್ತು ಅವರ ಮಿತ್ರರ ಬಂಡವಾಳದೊಂದಿಗೆ ಕಂಪನಿ ಡೆಟ್ರಾಯಿಟ್‌ಗೆ ಬಂತು. ಅಲ್ಲಿ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ 1905ರಲ್ಲಿ ಕಟ್ಟಿದ, ಕಾರ್ಖಾನೆಯ ಹತ್ತನೆಯ ಕಟ್ಟಡ ಉಕ್ಕಿನ ಸರಳು ಹಾಕಿದ ಕಾಂಕ್ರೀಟಿನದು; ಕಾರು ಕಾರ್ಖಾನೆಗಳಿಗೆ ಅದೊಂದು ಹೊಸ ದಾರಿಯಾಯಿತು. ಕಂಪನಿಯ ಜಾಹೀರಾತಿನಲ್ಲಿ ಇರುತ್ತಿದ್ದುದು ಒಂದೇ ಮಾತು: ಈ ಕಾರು ಇಟ್ಟುಕೊಂಡವರನ್ನೇ ಕೇಳಿ. ಅಷ್ಟು ಧೈರ್ಯವಾಗಿ ಹೇಳಲು ಅವರಿಗೆ ಹಕ್ಕಿತ್ತೆಂದು ನಾನು ನಂಬುತ್ತೇನೆ. 1915ರಲ್ಲಿ ಅವರು ಹನ್ನೆರಡು ಸಿಲಿಂಡರುಗಳ ಟ್ವಿನ್ ಸಿಕ್ಸ್ ಕಾರನ್ನು ಹೊರತಂದರು. 1921ರಲ್ಲಿ ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ಪ್ರಮಾಣವಚನ ಸ್ವೀಕರಿಸಲು ಹೋದದ್ದು ಪ್ಯಾಕಾರ್ಡಿನಲ್ಲಿ. ಅಲ್ಲಿಯವರೆಗೆ ಯಾವ ಅಧ್ಯಕ್ಷರೂ ಆ ಸಮಾರಂಭಕ್ಕೆ ಕಾರಿನಲ್ಲಿ ಹೋಗಿರಲಿಲ್ಲ.

ಈಗ ನಿಮ್ಮ ತೀರ್ಮಾನದ ವಿಷಯಕ್ಕೆ ಬರುತ್ತೇನೆ. 1929ರ ನಂತರದ ಆರ್ಥಿಕ ಕುಸಿತದಲ್ಲಿ ದುಬಾರಿ ಕಾರುಗಳನ್ನು ಕೊಳ್ಳುವವರೇ ಇಲ್ಲವಾದಾಗ ಪ್ಯಾಕಾರ್ಡ್ 1935ರಲ್ಲಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯಿಂದ ಆರಂಭವಾಗುವ ಒನ್ ಟ್ವೆಂಟಿ ಎಂಬ ಕಾರನ್ನು ತಂದಿತು. 1937ರಲ್ಲಿ ಅದರ ಕಾರ್ಖಾನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದೇ ಕಾಲದಲ್ಲಿ ಅಂಥ ಕಾರು ಮಾಡದೆ ಶ್ರೀಮಂತರನ್ನೇ ನೆಚ್ಚಿಕೊಂಡವರ ಗತಿಯೇನಾಯಿತು ನೋಡು: ಪೀರ್‌ಲೆಸ್ ಕಂಪನಿ ಕಾರು ಬಿಟ್ಟು ಬಿಯರ್ ತಯಾರಿಕೆಗೆ ಇಳಿಯಿತು, ಡ್ಯೂಸೆನ್‌ಬರ್ಗ್ 1937ರಲ್ಲಿ ನಿಂತಿತು, ಪಿಯರ್ಸ್-ಆ್ಯರೋ 1938ರಲ್ಲಿ ಬಾಗಿಲು ಹಾಕಿತು. ಕಡಿಮೆ ಬೆಲೆಯ ಕಾರು ಪ್ಯಾಕಾರ್ಡನ್ನು ಕೊಲ್ಲಲಿಲ್ಲ, ಇನ್ನೂ ಇಪ್ಪತ್ತು ವರ್ಷ ಬದುಕಿಸಿತು. ದುಬಾರಿ ಕಾರುಗಳಲ್ಲಿ ಪ್ಯಾಕಾರ್ಡಿನ ಪ್ರತಿಸ್ಪರ್ಧಿಯಾಗಿದ್ದ ಕ್ಯಾಡಿಲಾಕ್ ತನ್ನ ಅಗ್ಗದ ಕಾರಿಗೆ ಲಾಸಾಲ್ ಎಂಬ ಬೇರೆ ಹೆಸರಿಟ್ಟು ಮೂಲ ಹೆಸರನ್ನು ಕಾಪಾಡಿಕೊಂಡಿತು, ಪ್ಯಾಕಾರ್ಡ್ ಹಾಗೆ ಮಾಡಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಎರಡನೆಯ ಮಹಾಯುದ್ಧದ ನಂತರ ಮೇಲ್ವರ್ಗದ ಗ್ರಾಹಕರು ಕ್ಯಾಡಿಲಾಕಿನ ಕಡೆ ಹೊರಳಿದ್ದಕ್ಕೆ ಅದೂ ಒಂದು ಕಾರಣ.

ಆದರೆ ಮುಖ್ಯ ಕಾರಣಗಳು ಕಾರ್ಖಾನೆಯ ಒಳಗೇ ಇವೆ. ಯುದ್ಧಕಾಲದಲ್ಲಿ ಇದೇ ಕಂಪನಿ ರೋಲ್ಸ್-ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್‌ಗಳನ್ನು 55,000ಕ್ಕೂ ಹೆಚ್ಚು ತಯಾರಿಸಿತು. ಮಸ್ಟ್ಯಾಂಗ್ ಯುದ್ಧವಿಮಾನಗಳು ಅವುಗಳ ಬಲದಿಂದಲೇ ಬರ್ಲಿನ್‌ವರೆಗೆ ಹಾರಿದವು. ಅಷ್ಟು ಸೂಕ್ಷ್ಮ ಕೆಲಸ ಬಲ್ಲವರು ತಮ್ಮ ಕಾರುಗಳಲ್ಲಿ ಮಾತ್ರ ಒಂದೇ ಸಾಲಿನ ಎಂಟು ಸಿಲಿಂಡರುಗಳ, ಕವಾಟಗಳು ಪಕ್ಕದಲ್ಲಿರುವ ಹಳೆಯ ಎಂಜಿನ್ನನ್ನೇ 1954ರವರೆಗೂ ಮುಂದುವರಿಸಿದರು. ಕ್ಯಾಡಿಲಾಕ್ 1949ರ ಮಾದರಿಯಲ್ಲೇ ಕವಾಟಗಳು ಮೇಲಿರುವ ಹೊಸ ವಿ-8 (ಎಂಟು ಸಿಲಿಂಡರುಗಳನ್ನು ವಿ ಆಕಾರದಲ್ಲಿ ಎರಡು ಸಾಲಾಗಿ ಜೋಡಿಸಿದ) ಎಂಜಿನ್ ಕೊಟ್ಟಿತ್ತು. ಅದೇ ಹೊತ್ತಿನಲ್ಲಿ ಪ್ಯಾಕಾರ್ಡ್ ತನ್ನದೇ ಆದ ಅಲ್ಟ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್ ವ್ಯವಸ್ಥೆಗೆ ಹಣ ಸುರಿಯಿತು. ಅದು ಒಳ್ಳೆಯ ಯಂತ್ರವೇ, ಆದರೆ ಮೊದಲು ಬೇಕಾಗಿದ್ದುದು ಎಂಜಿನ್.

ಎರಡನೆಯದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಕಾರಿನ ಬಾಡಿ ತಯಾರಿಕೆಯನ್ನು ಪ್ಯಾಕಾರ್ಡ್ ಬ್ರಿಗ್ಸ್ ಎಂಬ ಹೊರಗಿನ ಕಂಪನಿಗೆ ಒಪ್ಪಿಸಿತ್ತು. 1953ರಲ್ಲಿ ಆ ಬ್ರಿಗ್ಸ್ ಕಂಪನಿಯ ಕಾರು ವಿಭಾಗವನ್ನು ಕ್ರೈಸ್ಲರ್ ಕೊಂಡಿತು. ಪ್ರತಿಸ್ಪರ್ಧಿಗೆ ಬಾಡಿ ಕಟ್ಟಿಕೊಡುವ ಅಗತ್ಯ ಕ್ರೈಸ್ಲರ್‌ಗೆ ಇರಲಿಲ್ಲ. ಪ್ಯಾಕಾರ್ಡ್ ಅವಸರದಲ್ಲಿ ಕಾನರ್ ಅವೆನ್ಯೂವಿನ ಇಕ್ಕಟ್ಟಾದ ಕಾರ್ಖಾನೆಯೊಂದಕ್ಕೆ ಬಾಡಿ ತಯಾರಿಕೆಯನ್ನೂ ಕಾರು ಜೋಡಣೆಯನ್ನೂ ಸಾಗಿಸಿತು. ಅತ್ಯುತ್ತಮ ಪ್ಯಾಕಾರ್ಡುಗಳಲ್ಲಿ ಒಂದಾಗಬೇಕಿದ್ದ 1955ರ ಕಾರು ಹುಟ್ಟಿದ್ದು ಆ ಗೊಂದಲದಲ್ಲಿ. ಕೊನೆಗೂ ಬಂದ ವಿ-8 ಎಂಜಿನ್ ಅದರಲ್ಲಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಉದ್ದನೆಯ ತಿರುಚು ಸರಳುಗಳಿಂದ ಜೋಡಿಸಿ, ಭಾರ ಬಿದ್ದಾಗ ವಿದ್ಯುತ್ ಮೋಟಾರಿನಿಂದ ಕಾರನ್ನು ಮತ್ತೆ ಸಮಮಟ್ಟಕ್ಕೆ ತರುವ ಸಸ್ಪೆನ್ಷನ್ ಇತ್ತು. ಅದರ ನಕ್ಷೆಯನ್ನು ನೀನು ತಪ್ಪದೆ ನೋಡಬೇಕು. ಆದರೆ ಕಾರುಗಳು ತಡವಾಗಿ ಬಂದವು, ಬಂದವುಗಳ ಜೋಡಣೆಯಲ್ಲಿ ದೋಷಗಳಿದ್ದವು. ಇಟ್ಟುಕೊಂಡವರನ್ನು ಕೇಳಿದರೆ ಈಗ ಸಿಗುವ ಉತ್ತರವೇ ಬೇರೆಯಾಗಿತ್ತು.

1954ರಲ್ಲಿ ಕೊಂಡ ಸ್ಟುಡ್‌ಬೇಕರ್ ಕಂಪನಿಯ ನಷ್ಟವೂ ಇದರ ಮೇಲೆ ಬಿತ್ತು. 1956ರ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಪ್ಯಾಕಾರ್ಡ್ ತಯಾರಿಕೆ ನಿಂತಿತು. ಆಮೇಲೆ ಎರಡು ವರ್ಷ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಸ್ಟುಡ್‌ಬೇಕರ್ ಕಾರುಗಳಿಗೇ ಅಲಂಕಾರ ಬದಲಿಸಿ ಪ್ಯಾಕಾರ್ಡ್ ಹೆಸರು ಹಚ್ಚಿ ಮಾರಿದರು. 1958ರಲ್ಲಿ ಅದೂ ಮುಗಿಯಿತು. ಅವುಗಳನ್ನು ಪ್ಯಾಕಾರ್ಡ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇಂತಿ,
ನಿನ್ನ ಅಪ್ಪ