ಚಿತ್ರ ಬಿಡಿಸಿದವರ ಹೆಸರನ್ನೂ ಹಾಕಿ

ಮಾನ್ಯ ಸಂಪಾದಕರೇ,

ಮಕ್ಕಳ ಪುಸ್ತಕಗಳ ಪರಿಚಯ ನಿಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಮೊಮ್ಮಗಳಿಗೆ ಪುಸ್ತಕ ಆರಿಸುವಾಗ ಬೇಕಾಗುತ್ತದೆ ಅಂತ. ಮೊನ್ನೆ ಅವನ್ನೆಲ್ಲ ಹರಡಿಕೊಂಡು ಕೂತಾಗ ಒಂದು ವಿಷಯ ಗಮನಕ್ಕೆ ಬಂತು. ಬರೆದವರ ಹೆಸರಿದೆ, ಪ್ರಕಾಶಕರ ಹೆಸರಿದೆ, ಬೆಲೆ ಇದೆ, ಕಥೆಯ ನೀತಿ ಏನು ಅಂತಲೂ ಇದೆ. ಚಿತ್ರ ಬಿಡಿಸಿದವರ ಹೆಸರು ಮಾತ್ರ ಹೆಚ್ಚಿನದರಲ್ಲಿ ಇಲ್ಲವೇ ಇಲ್ಲ. ಚಿತ್ರಗಳ ಬಗ್ಗೆ ‘ಅಂದವಾದ ಚಿತ್ರಗಳಿವೆ’ ಎಂಬ ಒಂದು ಸಾಲಿದ್ದರೆ ಅದೇ ಹೆಚ್ಚು. ಮನಸ್ಸಿಗೆ ಬೇಜಾರಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲೊಂದು ಪುಸ್ತಕವಿದೆ. ಒಬ್ಬ ಹುಡುಗ ತನ್ನ ಒಂದು ಚಪ್ಪಲಿ ಹುಡುಕುವ ಕಥೆ. ಮಂಚದ ಕೆಳಗೆ ನೋಡಿದ, ಇಲ್ಲ. ಬಾಗಿಲ ಹಿಂದೆ ನೋಡಿದ, ಇಲ್ಲ. ಪುಟಕ್ಕೆ ಒಂದೇ ಸಾಲು. ಹತ್ತು ಹದಿನೈದು ಸಲವಾದರೂ ಓದಿ ಹೇಳಿದ್ದೆ. ಒಂದು ರಾತ್ರಿ ನಾನು ಪುಟ ತಿರುಗಿಸಲು ಹೋದಾಗ ಮೊಮ್ಮಗಳು ‘ತಾಳಜ್ಜಿ’ ಎಂದು ನನ್ನ ಕೈ ಹಿಡಿದಳು. ಪುಟದ ಮೂಲೆಯಲ್ಲಿ, ಪರದೆಯ ಅಡಿಯಿಂದ, ಒಂದು ಪುಟ್ಟ ಕಂದು ಬಾಲ ಹೊರಗೆ ಬಂದಿತ್ತು. ಅವಳ ಕಿರುಬೆರಳಿನ ಉಗುರಿನಷ್ಟು. ‘ನಾಯಿಮರಿ ತಗೊಂಡು ಹೋಗಿದೆ. ಅವನಿಗೆ ಗೊತ್ತಿಲ್ಲ’ ಅಂತ ಪಿಸುಗುಟ್ಟಿದಳು. ಹುಡುಗನಿಗೆ ಕೇಳಿಸಿಬಿಟ್ಟೀತು ಅನ್ನುವ ಹಾಗೆ. ಆಮೇಲೆ ಹಿಂದಿನ ಪುಟಗಳನ್ನು ಒಂದೊಂದಾಗಿ ತೆರೆದು ತೋರಿಸಿದಳು. ಮೊದಲ ಪುಟದಿಂದಲೂ ಬಾಲ ಇತ್ತು! ಸಾಲುಗಳಲ್ಲಿ ಎಲ್ಲೂ ನಾಯಿಯ ಸುದ್ದಿಯಿಲ್ಲ. ಓದು ಬರುವ ನನ್ನ ಕಣ್ಣು ತಪ್ಪಿಸಿಕೊಂಡಿದ್ದ ಬಾಲ ಓದು ಬಾರದ ಅವಳಿಗೆ ಸಿಕ್ಕಿತ್ತು.

ಇದು ಅವಳೊಬ್ಬಳ ಜಾಣತನ ಅಂತ ಹೇಳುತ್ತಿಲ್ಲ. ಪುಟದ ಮೇಲೆ ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂದು ಅಳೆಯುವ ಉಪಕರಣ ಇಟ್ಟುಕೊಂಡು ಕೆನಡಾದ ಇಬ್ಬರು ಸಂಶೋಧಕರು ಪರೀಕ್ಷೆ ಮಾಡಿ, 2005ರಲ್ಲಿ ಪ್ರಕಟಿಸಿದ್ದರು. ದೊಡ್ಡವರು ಓದಿ ಹೇಳುವಾಗ ಪುಟ್ಟ ಮಕ್ಕಳ ನೋಟ ಬಹುಪಾಲು ಚಿತ್ರದ ಮೇಲೇ ಇತ್ತು. ಅಕ್ಷರದ ಕಡೆ ಹೋಗಿದ್ದು ತೀರಾ ಕಡಿಮೆ. ಹಳಬರಿಗೆ ಇದು ಗೊತ್ತಿತ್ತೋ ಏನೋ. 1658ರಲ್ಲಿ ಕೊಮೆನಿಯಸ್ ಎಂಬ ಶಿಕ್ಷಕರು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮಕ್ಕಳಿಗಾಗಿ ಚಿತ್ರಗಳ ಪಾಠಪುಸ್ತಕ ಅಚ್ಚು ಹಾಕಿಸಿದಾಗ, ಚಿತ್ರದೊಳಗಿನ ಒಂದೊಂದು ವಸ್ತುವಿಗೂ ಅಂಕಿ ಕೊಟ್ಟು, ಅದಕ್ಕೆ ಹೊಂದಿಸಿ ಮಾತು ಬರೆದರು.

ಬಾಲ ಸಿಕ್ಕ ಮೇಲೆ ನಾನು ಪುಸ್ತಕ ಆರಿಸುವ ರೀತಿಯೇ ಬದಲಾಯಿತು. ಮೊದಲು ಸಾಲುಗಳ ಮೇಲೆ ಕೈ ಮುಚ್ಚಿ ಬರೀ ಚಿತ್ರ ನೋಡುತ್ತಾ ಹೋಗುತ್ತೇನೆ. ಏನಾಗುತ್ತಿದೆ ಅಂತ ಸುಮಾರಾಗಿ ತಿಳಿಯಬೇಕು. ಎರಡನೇ ಸಲ ನೋಡಿದಾಗ ಹೊಸದೇನಾದರೂ ಕಾಣಬೇಕು. ‘ಹುಡುಗ ಮರ ಹತ್ತಿದ’ ಎಂಬ ಸಾಲಿಗೆ ಹುಡುಗ ಮರ ಹತ್ತಿದ ಚಿತ್ರ ಅಷ್ಟೇ ಇದ್ದರೆ ನನಗೆ ಸಾಲದು. ಅವನಿಗೆ ಭಯವೋ ಖುಷಿಯೋ, ಕೆಳಗೆ ಯಾರು ಕಾಯುತ್ತಿದ್ದಾರೆ, ಅದು ಚಿತ್ರದಲ್ಲಿರಬೇಕು. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ನಗುಮುಖ ಅಂಟಿಸಿದಂತೆ ಇರುವ ಪುಸ್ತಕಗಳು ಈಗ ಜಾಸ್ತಿ ಬರುತ್ತಿವೆ. ಅಂಥದ್ದನ್ನು ಅಲ್ಲೇ ಬಿಟ್ಟು ಬರುತ್ತೇನೆ.

ಇನ್ನೊಂದು, ಪುಟ ತಿರುಗಿಸುವ ಜಾಗ. ದೊಡ್ಡ ಹಾಳೆ ಮಡಚಿ ಕತ್ತರಿಸಿದರೆ 8 ಅಥವಾ 16 ಪುಟ ಆಗುತ್ತದೆ. ಹಾಗಾಗಿ ಎಷ್ಟೋ ಚಿತ್ರಪುಸ್ತಕಗಳು 32 ಪುಟಕ್ಕೆ ನಿಲ್ಲುತ್ತವೆ. ಇರುವ ಅಷ್ಟು ಪುಟದಲ್ಲಿ ಒಳ್ಳೆಯ ಚಿತ್ರಕಾರರು ತಿರುವುಗಳನ್ನು ಲೆಕ್ಕ ಹಾಕಿ ಇಡುತ್ತಾರೆ. ಈ ಪುಟದಲ್ಲಿ ಬಾಗಿಲು ಸ್ವಲ್ಪ ತೆರೆದಿದೆ, ಒಳಗೆ ಯಾರು ಅನ್ನುವುದು ಮುಂದಿನ ಪುಟದಲ್ಲಿ. ಮಗು ಉಸಿರು ಬಿಗಿಹಿಡಿದು ಹಾಳೆಯ ತುದಿ ಹಿಡಿಯುವ ಆ ಕ್ಷಣ ಇದೆಯಲ್ಲ, ಪುಸ್ತಕದ ಜೀವ ಇರುವುದೇ ಅಲ್ಲಿ. ಎರಡೂ ಪುಟಕ್ಕೆ ಹರಡಿದ ಚಿತ್ರವಿದ್ದರೆ ನಡುವಿನ ಹೊಲಿಗೆಯನ್ನೂ ನೋಡಿಕೊಳ್ಳಿ. ಮುಖ್ಯ ಪಾತ್ರದ ಮೂಗು, ಕಣ್ಣೇ ಬೈಂಡಿಂಗ್ ಒಳಗೆ ಹೋಗಿರುವ ಪುಸ್ತಕಗಳನ್ನು ಕಂಡಿದ್ದೇನೆ. ಅಚ್ಚು ಹಾಕುವವರು ಇಷ್ಟು ನಿಗಾ ಇಟ್ಟರೆ ಸಾಕಲ್ವಾ?

ಹಸುಗೂಸುಗಳಿಗೆ ಇಷ್ಟೆಲ್ಲ ಬೇಡ. ಹುಟ್ಟಿದ ಹೊಸದರಲ್ಲಿ ಅವಕ್ಕೆ 20ರಿಂದ 30 ಸೆಂಟಿಮೀಟರ್ ದೂರದ್ದಷ್ಟೇ ಚೆನ್ನಾಗಿ ಕಾಣುತ್ತದೆ. ಕಪ್ಪು ಬಿಳುಪಿನ ದೊಡ್ಡ ದೊಡ್ಡ ಆಕಾರಗಳು, ಓದುವವರ ಮುಖ, ದನಿ ಸಾಕು. ಕೂತು ಹಿಡಿಯುವ ವಯಸ್ಸಿಗೆ ದಪ್ಪ ರಟ್ಟಿನ ಪುಸ್ತಕ ಕೊಡಿ. ಕಚ್ಚುತ್ತವೆ, ಕಚ್ಚಲಿ.

ಜೊತೆಗೆ ಕೂತು ಓದುವ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ನಾವು ಮಕ್ಕಳ ಮುಂದೆ ಪುಸ್ತಕ ತೆರೆದ ಕೂಡಲೇ ಪರೀಕ್ಷೆ ಶುರು ಮಾಡುತ್ತೇವೆ. ಇದೇನು ಬಣ್ಣ? ಇದಕ್ಕೇನಂತಾರೆ? ಮಗು ಎರಡು ಉತ್ತರ ಕೊಟ್ಟು ಮೂರನೆಯದಕ್ಕೆ ಎದ್ದು ಹೋಗುತ್ತದೆ. ‘ಇಲ್ಲಿ ಏನಾಗ್ತಿದೆ?’ ಅಂತ ಕೇಳಿ ಸುಮ್ನೆ ಕಾಯುವುದು ನನಗೂ ಮೊದಮೊದಲು ಕಷ್ಟವಾಗಿತ್ತು. 1988ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಎರಡು ಎರಡೂವರೆ ವರ್ಷದ ಮಕ್ಕಳ ತಂದೆತಾಯಿಯರಿಗೆ ಇಂಥ ಬಿಚ್ಚುಮಾತಿನ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ಬೆಳೆಸುವುದನ್ನು ಕಲಿಸಿದ್ದರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಎದ್ದು ಕಾಣುವಷ್ಟು ಸುಧಾರಿಸಿತ್ತು. ಹೋಲಿಕೆಗೆ ಇಟ್ಟುಕೊಂಡಿದ್ದ ಬೇರೆ ಮಕ್ಕಳ ಮನೆಯಲ್ಲೂ ಪುಸ್ತಕ ಓದುತ್ತಿದ್ದರು. ವ್ಯತ್ಯಾಸ ಇದ್ದದ್ದು ಓದುವ ರೀತಿಯಲ್ಲಿ.

‘ಮತ್ತೆ ಅದೇನಾ?’ ಅಂತ ಬೇಸರ ಮಾಡಿಕೊಳ್ಳುವವರಿಗೂ ಒಂದು ಮಾತು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮೂರು ವರ್ಷದ ಮಕ್ಕಳು ಬೇರೆ ಬೇರೆ ಕಥೆ ಕೇಳಿದ್ದಕ್ಕಿಂತ ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದಾಗ ಹೊಸ ಪದಗಳನ್ನು ಹೆಚ್ಚು ಕಲಿತಿದ್ದರು. ನನ್ನ ಮೊಮ್ಮಗಳು ಬಾಲ ಹುಡುಕಿದ್ದೂ ಹತ್ತು ಸಲ ಓದಿದ ಮೇಲೆಯೇ ಅಲ್ವಾ? ಪಕ್ಕದ ಮನೆಯವರಿಗೆ ಹಳೆ ಪುಸ್ತಕ ಕೊಡುವಾಗಲೂ ದಯವಿಟ್ಟು ಮಗುವನ್ನು ಕೇಳಿ ಕೊಡಿ. ನಮಗೆ ಮುಗಿದ ಪುಸ್ತಕ ಅದಕ್ಕೆ ಮುಗಿದಿರುವುದಿಲ್ಲ.

ಆ ಚಪ್ಪಲಿ ಪುಸ್ತಕದ ಪರಿಚಯವೂ ನಾನು ಕತ್ತರಿಸಿ ಇಟ್ಟಿದ್ದರಲ್ಲಿ ಸಿಕ್ಕಿತು. ‘ವಸ್ತುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು ಎಂದು ಮಕ್ಕಳಿಗೆ ತಿಳಿಸುವ ಕಥೆ’ ಎಂದಿದೆ. ಆ ಪರಿಚಯ ಬರೆದವರು ಪುಸ್ತಕವನ್ನು ಒಂದು ಮಗುವಿನ ಜೊತೆ ಕೂತು ಓದಿದ್ದರೆ ನಾಯಿಮರಿ ಅವರಿಗೂ ಸಿಗುತ್ತಿತ್ತು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಚಿತ್ರಪುಸ್ತಕದ ಪರಿಚಯ ಬರೆಯುವವರು ಮೊದಲು ಒಂದು ಮಗುವಿಗೆ ಅದನ್ನು ಓದಿ ಹೇಳಲಿ. ಜಾಗ ಇದ್ದರೆ ಮುಖಪುಟದ ಬದಲು ಒಳಗಿನ ಒಂದು ಪುಟ ಅಚ್ಚು ಹಾಕಿ, ಕೊಳ್ಳುವವರಿಗೆ ಗೊತ್ತಾಗುತ್ತದೆ. ಚಿತ್ರ ಬಿಡಿಸಿದವರ ಹೆಸರು ಬರೆದವರ ಹೆಸರಿನ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಬರಲಿ. ಸದ್ಯಕ್ಕೆ ನಾನು ಪುಸ್ತಕಗಳ ಒಳಪುಟದಿಂದ ಆ ಹೆಸರುಗಳನ್ನು ಹುಡುಕಿ, ಕತ್ತರಿಸಿಟ್ಟ ಹಾಳೆಗಳ ಅಂಚಿನಲ್ಲಿ ಪೆನ್ನಿನಿಂದ ಬರೆದಿಟ್ಟುಕೊಂಡಿದ್ದೇನೆ.

ಇಂತಿ ನಿಮ್ಮ ಓದುಗಿ,
ಒಬ್ಬ ಅಜ್ಜಿ